ಹಿಂದಿನ ಸಾಲಿನ ಲಯಗಾರ: ಚಾರ್ಲಿ ವಾಟ್ಸ್ ಅವರನ್ನು ನೆನೆದು

ಸಂಗೀತ ಕಚೇರಿಗೆ ಹೋಗಿ ಬಂದವರನ್ನು 'ಯಾರ ಕಚೇರಿ?' ಎಂದು ವಿಚಾರಿಸಿದರೆ ಹಾಡಿದವರ ಹೆಸರನ್ನು ತಟ್ಟನೆ ಹೇಳುತ್ತಾರೆ. ಪಿಟೀಲು ನುಡಿಸಿದವರು ಯಾರೆಂದು ಕೇಳಿದರೆ ಸ್ವಲ್ಪ ಯೋಚಿಸಿ ಹೇಳಿಯಾರು. ಮೃದಂಗದವರು ಯಾರೆಂದು ಕೇಳಿದಾಗ ಬಹುಮಂದಿ ನಿರುತ್ತರರಾಗುತ್ತಾರೆ. ಶ್ರುತಿ ತಾಯಿ, ಲಯ ತಂದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದರೂ ಆ ತಂದೆಯ ಹೆಸರು ಮಕ್ಕಳ ನೆನಪಿನಲ್ಲಿ ಉಳಿಯುವುದು ಕಡಿಮೆ. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿಯೂ ಕಥೆ ಬೇರೆಯಾಗಿಲ್ಲ. ಬೆಳಕೆಲ್ಲ ಹಾಡುಗಾರನ ಮುಖದ ಮೇಲೆ. ಡ್ರಮ್ ಬಾರಿಸುವಾತ ಎಲ್ಲರ ಬೆನ್ನ ಹಿಂದೆ, ತನ್ನ ವಾದ್ಯಗಳ ಮರೆಯಲ್ಲಿ.

ಅಂತಹ ಹಿಂದಿನ ಸಾಲಿನ ಕಲಾವಿದರೊಬ್ಬರನ್ನು ಓದುಗರಿಗೆ ಪರಿಚಯಿಸಬೇಕೆಂಬ, ಆ ನೆಪದಲ್ಲಿ ನಮ್ಮ ಹಳೆಯ ಋಣವೊಂದನ್ನು ತೀರಿಸಬೇಕೆಂಬ ಆಸೆ ಈ ವಾರ ನಮ್ಮದು. ಇಂಗ್ಲೆಂಡಿನ ಪ್ರಖ್ಯಾತ ರಾಕ್ ವಾದ್ಯವೃಂದವಾದ ರೋಲಿಂಗ್ ಸ್ಟೋನ್ಸ್‌ನಲ್ಲಿ 1963ರ ಜನವರಿಯಿಂದ ತಮ್ಮ ಕೊನೆಯವರೆಗೆ ಡ್ರಮ್ ವಾದಕರಾಗಿದ್ದ ಚಾರ್ಲಿ ವಾಟ್ಸ್ ಅವರು 2021ರ ಆಗಸ್ಟ್ 24ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನಿಧನರಾದರು. ಆಗ ಅವರಿಗೆ 80 ವರ್ಷ. ಅರ್ಧಶತಮಾನಕ್ಕೂ ಮೀರಿ ಒಂದೇ ಜಾಗದಲ್ಲಿ ಕುಳಿತು, ಒಂದೇ ಕೆಲಸವನ್ನು ಮಾಡಿ, ಆ ಕೆಲಸದ ಬಗ್ಗೆ ಹೆಚ್ಚು ಮಾತನಾಡದೆ ಹೊರಟುಹೋದ ವ್ಯಕ್ತಿ ಅವರು.

ಕುಟುಂಬದವರೆಲ್ಲ ಓದುವ ಈ ಅಂಕಣದಲ್ಲಿ ರಾಕ್ ಸಂಗೀತಗಾರನ ಗುಣಗಾನವೇ ಎಂದು ಕೆಲವರು ಹುಬ್ಬೇರಿಸಬಹುದು. ಅವರ ಶಂಕೆ ನಿರಾಧಾರವಲ್ಲ. ರೋಲಿಂಗ್ ಸ್ಟೋನ್ಸ್ ಎಂಬ ಹೆಸರಿನೊಡನೆ ಮಾದಕ ವಸ್ತುಗಳ ಮೊಕದ್ದಮೆಗಳು, ಸ್ವೇಚ್ಛಾಚಾರ, ಮುರಿದ ಸಂಸಾರಗಳು ಅಂಟಿಕೊಂಡಿವೆ. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಅವರು ನಡೆಸಿದ ಬಯಲು ಕಚೇರಿಯಲ್ಲಿ, ವೇದಿಕೆಯ ಎದುರಿನಲ್ಲಿಯೇ 18 ವರ್ಷದ ತರುಣನೊಬ್ಬ ಇರಿತಕ್ಕೆ ಬಲಿಯಾದ. ಮರುವರ್ಷ ತೆರೆಕಂಡ 'ಗಿಮ್ಮೀ ಶೆಲ್ಟರ್' ಸಾಕ್ಷ್ಯಚಿತ್ರದಲ್ಲಿ, ಆ ದೃಶ್ಯಗಳನ್ನು ಸಂಕಲನ ಯಂತ್ರದ ಮುಂದೆ ಕುಳಿತು ನೋಡುವ ಚಾರ್ಲಿಯವರ ಮುಖವನ್ನು ಕಾಣಬಹುದು. ಯಾವ ಸಮಜಾಯಿಷಿಯೂ ಹೊಳೆಯದೆ ಕಂಗೆಟ್ಟವನ ಮುಖ ಅದು. ಈ ಇತಿಹಾಸವನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ಇಷ್ಟೆಲ್ಲ ಗದ್ದಲದ ನಡುವೆ ಕುಳಿತಿದ್ದ ಒಬ್ಬ ಮನುಷ್ಯನನ್ನು ನಾವು ಏಕೆ ಮೂವತ್ತೈದು ವರ್ಷಗಳಿಂದ ಪ್ರೀತಿಸುತ್ತ ಬಂದಿದ್ದೇವೆ ಎಂಬುದನ್ನು ನಮಗೆ ನಾವೇ ವಿವರಿಸಿಕೊಳ್ಳುವ ಪ್ರಯತ್ನವಿದು.

ಬ್ಯಾಂಜೋ ಡ್ರಮ್ಮಾದ ಬಗೆ

ಚಾರ್ಲಿ ವಾಟ್ಸ್ ಹುಟ್ಟಿದ್ದು 1941ರ ಜೂನ್ 2ರಂದು, ಯುದ್ಧದ ನಡುವಿನ ಲಂಡನ್ನಿನಲ್ಲಿ. ತಂದೆ ರೈಲ್ವೆ ಕಂಪನಿಯೊಂದರ ಲಾರಿ ಚಾಲಕರು. ಬಾಂಬುಗಳಿಗೆ ಮನೆಗಳು ನೆಲಸಮವಾಗಿದ್ದ ವೆಂಬ್ಲಿ ಪ್ರದೇಶದಲ್ಲಿ, ಯುದ್ಧಾನಂತರ ತುರ್ತಾಗಿ ಜೋಡಿಸಿ ನಿಲ್ಲಿಸಿದ ಸಿದ್ಧ ಮನೆಗಳಲ್ಲೊಂದರಲ್ಲಿ ಅವರ ಬಾಲ್ಯ ಕಳೆಯಿತು. ಪಕ್ಕದ ಮನೆಯ ಹುಡುಗ ಡೇವ್ ಗ್ರೀನ್. ಇಬ್ಬರೂ ಒಟ್ಟಿಗೆ ಕುಳಿತು ಅಮೆರಿಕದ ಜಾಜ್ ಸಂಗೀತದ ತಟ್ಟೆಗಳನ್ನು ಕೇಳುತ್ತಿದ್ದರು. ಮುಂದೆ ಗ್ರೀನ್ ಹೆಸರಾಂತ ಜಾಜ್ ಬೇಸ್ ವಾದಕರಾದರು. ಚಾರ್ಲಿ ಲೋಕವಿಖ್ಯಾತರಾದ ಮೇಲೂ, ತಮ್ಮದೇ ಆದ ಜಾಜ್ ತಂಡಗಳನ್ನು ಕಟ್ಟಿದಾಗ ಬೇಸ್ ಹಿಡಿದು ಪಕ್ಕದಲ್ಲಿ ನಿಂತದ್ದು ಇದೇ ನೆರೆಮನೆಯ ಗೆಳೆಯ. ಬಾಲ್ಯದ ಸ್ನೇಹ ವೃದ್ಧಾಪ್ಯದವರೆಗೆ ಸವೆಯಲಿಲ್ಲ.

ಹನ್ನೆರಡು ಹದಿಮೂರರ ಪ್ರಾಯದಲ್ಲಿ ಅವರು ಜೆರ್ರಿ ಮಲಿಗನ್ ಅವರ 'ವಾಕಿಂಗ್ ಶೂಸ್' ಎಂಬ ಕೃತಿಯನ್ನು ಕೇಳಿದರು. ಅದರಲ್ಲಿ ಚಿಕೋ ಹ್ಯಾಮಿಲ್ಟನ್ ಎಂಬ ವಾದಕರು ಡ್ರಮ್ಮನ್ನು ಕೋಲಿನಿಂದ ಬಡಿಯದೆ, ತಂತಿಯ ಕುಂಚದಿಂದ ಸವರುತ್ತ ನುಡಿಸಿದ್ದರು. ಹುಡುಗನ ಮನಸ್ಸು ಅಲ್ಲಿ ನೆಟ್ಟಿತು. ಆಗ ಅವರ ಬಳಿ ಇದ್ದುದು ಒಂದು ಬ್ಯಾಂಜೋ. ಅದರ ದಂಡದ ಮೇಲಿನ ಬೆರಳಾಟ ಒಲಿಯಲಿಲ್ಲ. ದಂಡವನ್ನೇ ಕಳಚಿ, ಚರ್ಮ ಬಿಗಿದ ದುಂಡನೆಯ ಭಾಗವನ್ನು ಒಂದು ಆಧಾರದ ಮೇಲೆ ಕೂರಿಸಿ, ಕುಂಚದಿಂದ ನುಡಿಸತೊಡಗಿದರು. ಬಳಿಕ ಹೆತ್ತವರು ಡ್ರಮ್ ಸೆಟ್ ಕೊಡಿಸಿದರು. ಜಾಜ್ ತಟ್ಟೆಗಳ ಜೊತೆಜೊತೆಗೆ ನುಡಿಸುತ್ತ ಹುಡುಗ ಬೆಳೆದ.

ಹ್ಯಾರೋ ಕಲಾಶಾಲೆಯಲ್ಲಿ ಕಲಿತು, ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿ ಸೇರಿದ ಚಾರ್ಲಿಯವರಿಗೆ ಸಂಗೀತ ಸಂಜೆಯ ಹವ್ಯಾಸವಾಗಿತ್ತು. 1962ರಲ್ಲಿ ಅಲೆಕ್ಸಿಸ್ ಕಾರ್ನರ್ ಅವರ ಬ್ಲೂಸ್ ತಂಡದಲ್ಲಿ ನುಡಿಸುತ್ತಿದ್ದಾಗ ಮಿಕ್ ಜಾಗರ್, ಕೀತ್ ರಿಚರ್ಡ್ಸ್, ಬ್ರಯನ್ ಜೋನ್ಸ್ ಎಂಬ ತರುಣರ ಪರಿಚಯವಾಯಿತು. ಕೈಯಲ್ಲಿ ಕಾಸಿಲ್ಲದ ಆ ಹುಡುಗರ ಹೊಸ ತಂಡಕ್ಕೆ, ಸಂಬಳದ ಕೆಲಸವಿದ್ದ ಚಾರ್ಲಿ ಮರುವರ್ಷ ಸೇರಿಕೊಂಡರು. ತಮ್ಮ ಮೊದಲ ಪ್ರೀತಿಯಾದ ಜಾಜ್ ಅನ್ನು ಅವರು ಎಂದೂ ಬಿಡಲಿಲ್ಲ. ಆದರೆ ಕೈಹಿಡಿದ ಕೆಲಸವನ್ನೂ ಬಿಡಲಿಲ್ಲ.

ಕಿವಿಗೆ ದೊರೆತ ಪಾಠ

ರೋಲಿಂಗ್ ಸ್ಟೋನ್ಸ್ ನಮಗೆ ಮೊದಲು ದೊರೆತದ್ದು ವಿದ್ಯಾರ್ಥಿದೆಸೆಯಲ್ಲಿ, ಕೈಯಿಂದ ಕೈಗೆ ದಾಟಿ ಅಕ್ಷರಗಳೆಲ್ಲ ಅಳಿಸಿಹೋಗಿದ್ದ ಒಂದು ಕ್ಯಾಸೆಟ್ಟಿನಲ್ಲಿ. ಎಲ್ಲರಂತೆ ನಾವೂ ಜಾಗರ್ ಅವರ ಕಂಠವನ್ನು ಕೇಳಿದೆವು, ರಿಚರ್ಡ್ಸ್ ಅವರ ಗಿಟಾರನ್ನು ಕೇಳಿದೆವು. ನಮಗಿಂತ ಹಿರಿಯನಾದ ಗೆಳೆಯನೊಬ್ಬ, 'ಒಮ್ಮೆ ಉಳಿದದ್ದನ್ನೆಲ್ಲ ಬಿಟ್ಟು ಡ್ರಮ್ ಮಾತ್ರ ಕೇಳಿ ನೋಡು' ಎಂದ. ಆ ಸಂಜೆ 'ಹಾಂಕಿ ಟಾಂಕ್ ವಿಮೆನ್' ಎಂಬ 1969ರ ಹಾಡನ್ನು ಹಿಂದಕ್ಕೆ ಸುತ್ತಿ ಸುತ್ತಿ ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಹಾಡು ತೆರೆದುಕೊಳ್ಳುವುದು ಒಂದು ಗಂಟೆಯ ಸದ್ದಿನಿಂದ. ಅದನ್ನು ಬಾರಿಸಿದವರು ನಿರ್ಮಾಪಕ ಜಿಮ್ಮಿ ಮಿಲ್ಲರ್. ಅದರ ಬೆನ್ನಿಗೆ ಚಾರ್ಲಿಯವರ ಡ್ರಮ್ ಪ್ರವೇಶಿಸುತ್ತದೆ. ಅವಸರವಿಲ್ಲ, ಅಬ್ಬರವಿಲ್ಲ. ಹೊರೆ ಹೊತ್ತವನು ಏರುದಾರಿಯಲ್ಲಿ ತನ್ನ ನಡಿಗೆಯನ್ನು ಕಂಡುಕೊಂಡಂತೆ ಅದು ಹೆಜ್ಜೆ ಹಾಕುತ್ತದೆ.

ಅವರ ವಾದನದಲ್ಲಿ ಏನಿತ್ತು ಎಂಬುದನ್ನು ಸರಳವಾಗಿ ಹೇಳಲು ಯತ್ನಿಸುತ್ತೇವೆ. ಡ್ರಮ್ ಸೆಟ್ಟಿನಲ್ಲಿ ಹೈ-ಹ್ಯಾಟ್ ಎಂಬುದೊಂದು ಇರುತ್ತದೆ. ಒಂದರ ಮೇಲೊಂದು ಮುಖಮಾಡಿರುವ ಎರಡು ಕಂಚಿನ ತಟ್ಟೆಗಳು. ಎಡಗಾಲಿನಿಂದ ಮೆಟ್ಟಿದರೆ ಅವು ಕೂಡಿಕೊಳ್ಳುತ್ತವೆ. ಬಲಗೈಯ ಕೋಲು ಇವುಗಳ ಮೇಲೆ ಎಡೆಬಿಡದೆ ಟಿಕ್ ಟಿಕ್ ಎನ್ನುತ್ತಿದ್ದರೆ, ಎಡಗೈಯ ಕೋಲು ನಾಲ್ಕು ಎಣಿಕೆಗಳ ಪೈಕಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಎಂಬ ಡ್ರಮ್ಮಿನ ಮೇಲೆ ಬೀಳುತ್ತದೆ. ಸಾಮಾನ್ಯ ವಾದಕರು ಆ ಎರಡು ಎಣಿಕೆಗಳಲ್ಲಿ ಎರಡೂ ಕೈಗಳನ್ನು ಒಟ್ಟಿಗೆ ಇಳಿಸುತ್ತಾರೆ. ಚಾರ್ಲಿ ಮಾತ್ರ ಸ್ನೇರ್ ನುಡಿಯುವ ಕ್ಷಣದಲ್ಲಿ ಬಲಗೈಯನ್ನು ಮೇಲಕ್ಕೆತ್ತಿ ಸುಮ್ಮನಾಗುತ್ತಿದ್ದರು. ತಟ್ಟೆಯ ಸದ್ದು ಬಿಟ್ಟುಕೊಟ್ಟ ಆ ಕಿರುಜಾಗದಲ್ಲಿ ಸ್ನೇರ್ ಒಂಟಿಯಾಗಿ, ನಿಚ್ಚಳವಾಗಿ ಕೇಳಿಸುತ್ತಿತ್ತು. ಒಂದು ಕೈ ಇನ್ನೊಂದು ಕೈಗೆ ದಾರಿಬಿಡುವ ಈ ಕ್ರಮ ಅವರ ಗುರುತಾಯಿತು. ಎಡಗೈಯ ಕೋಲನ್ನೂ ಅವರು ರಾಕ್ ವಾದಕರಂತೆ ಮುಷ್ಟಿಯಲ್ಲಿ ಹಿಡಿಯದೆ, ಹಳೆಯ ಜಾಜ್ ವಾದಕರಂತೆ ಅಂಗೈ ಮೇಲ್ಮುಖವಾಗಿಸಿ ಬೆರಳುಗಳ ನಡುವೆ ಹಿಡಿಯುತ್ತಿದ್ದರು.

ಮತ್ತೊಂದು ವಿಶೇಷವನ್ನು ಬಲ್ಲವರು ಹೇಳುತ್ತಾರೆ. ವಾದ್ಯವೃಂದಗಳಲ್ಲಿ ಎಲ್ಲರೂ ಡ್ರಮ್ಮನ್ನು ಹಿಂಬಾಲಿಸುವುದು ವಾಡಿಕೆ. ರೋಲಿಂಗ್ ಸ್ಟೋನ್ಸ್‌ನಲ್ಲಿ ಡ್ರಮ್ ವಾದಕರೇ ರಿಚರ್ಡ್ಸ್ ಅವರ ಗಿಟಾರನ್ನು ಹಿಂಬಾಲಿಸುತ್ತಿದ್ದರು. ಹೀಗಾಗಿ ಗಿಟಾರಿಗೂ ಡ್ರಮ್ಮಿಗೂ ನಡುವೆ ಕೂದಲೆಳೆಯಷ್ಟು ಅಂತರ ಉಳಿಯುತ್ತಿತ್ತು. ಆ ಅಂತರವೇ ಅವರ ಹಾಡುಗಳ ತೂಗಾಟಕ್ಕೆ ಕಾರಣ. ಯಂತ್ರದ ನಿಖರತೆಯಿಂದ ನುಡಿಸಿದ್ದರೆ ಹಾಡು ನೆಟ್ಟಗಿರುತ್ತಿತ್ತು, ಜೀವ ಇರುತ್ತಿರಲಿಲ್ಲ.

ತತ್ತ್ವಶಾಸ್ತ್ರದ ತರಗತಿಯಲ್ಲಿ ಸಂತ ಅಗಸ್ಟೀನರ ಕಾಲವಿಚಾರವನ್ನು ಓದುತ್ತಿದ್ದ ದಿನಗಳು ಅವು. ತಮ್ಮ 'ಕನ್ಫೆಷನ್ಸ್' ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಆ ಮಹನೀಯರು, ಉಚ್ಚರಿಸಿದ ಅಕ್ಷರದ ದೀರ್ಘತೆಯನ್ನು ನಾವು ಅಳೆಯುವುದಾದರೂ ಹೇಗೆ ಎಂದು ಪ್ರಶ್ನಿಸಿಕೊಳ್ಳುತ್ತಾರೆ. ಮುಗಿಯುವವರೆಗೆ ಅದನ್ನು ಅಳೆಯಲಾಗದು. ಮುಗಿದ ಮೇಲೆ ಅದು ಇಲ್ಲ. ನೆನಪು, ಗಮನ, ನಿರೀಕ್ಷೆಗಳಿಂದ ಮನಸ್ಸೇ ಕಾಲವನ್ನು ಅಳೆಯುತ್ತದೆ ಎಂಬ ನಿಲುವಿಗೆ ಅವರು ಬರುತ್ತಾರೆ. ಸಂಗೀತದ ಕುರಿತಾಗಿಯೇ ಆರು ಭಾಗಗಳ ಗ್ರಂಥವೊಂದನ್ನು ಬರೆದವರು, ಅದರಲ್ಲಿ ಬಹುಪಾಲು ಲಯವಿಚಾರವನ್ನೇ ಚರ್ಚಿಸಿದವರು ಅವರು. ಪುಸ್ತಕದಲ್ಲಿ ನಮಗೆ ಅಸ್ಪಷ್ಟವಾಗಿ ಉಳಿದದ್ದು ಆ ಸವೆದ ಕ್ಯಾಸೆಟ್ಟಿನಲ್ಲಿ ಸ್ಪಷ್ಟವಾಯಿತು. ಚಾರ್ಲಿಯವರ ಬಲಗೈ ಮೇಲೆದ್ದು ನಿಂತ ಆ ಕ್ಷಣದಲ್ಲಿ ತಟ್ಟೆಯ ನಾದವಿಲ್ಲ. ಆದರೂ ಕೇಳುವವನ ಎಣಿಕೆ ನಿಲ್ಲುವುದಿಲ್ಲ. ಕಳೆದ ಪೆಟ್ಟಿನ ನೆನಪು, ಬರಲಿರುವ ಪೆಟ್ಟಿನ ನಿರೀಕ್ಷೆ ಇವೆರಡೂ ಸೇರಿ ಆ ತೆರವನ್ನು ತುಂಬುತ್ತವೆ. ಲಯವೆಂಬುದು ಅರ್ಧ ವಾದ್ಯದಲ್ಲಿ, ಅರ್ಧ ಕೇಳುವವನ ಮನಸ್ಸಿನಲ್ಲಿ ಇದೆ ಎಂದು ನಾವು ಅರಿತದ್ದು ಹೀಗೆ.

ಬಿಟ್ಟುಕೊಡುವ ಗುಣ

ಡ್ರಮ್ ವಾದಕರೆಂದರೆ ಹತ್ತಾರು ಡ್ರಮ್ಮುಗಳನ್ನು ಸುತ್ತ ಪೇರಿಸಿಕೊಂಡು, ನಡುವೆ ಹತ್ತು ನಿಮಿಷ ಏಕಾಂಗಿಯಾಗಿ ಸಾಮರ್ಥ್ಯ ಪ್ರದರ್ಶಿಸುವವರು ಎಂಬ ಭಾವನೆ 1970ರ ದಶಕದಲ್ಲಿ ಬೇರೂರಿತು. ಚಾರ್ಲಿಯವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಬೃಹತ್ ಕ್ರೀಡಾಂಗಣಗಳಲ್ಲಿಯೂ ಅವರು ನುಡಿಸಿದ್ದು 1950ರ ದಶಕದ ಒಂದು ಪುಟ್ಟ ಗ್ರೆಚ್ ಸೆಟ್. ನಾಲ್ಕು ಡ್ರಮ್ಮುಗಳು, ಕೆಲವು ಸಿಂಬಲ್‌ಗಳು, ಅಷ್ಟೇ.

1969ರ 'ಲೆಟ್ ಇಟ್ ಬ್ಲೀಡ್' ಸಂಪುಟದಲ್ಲಿ 'ಯೂ ಕಾಂಟ್ ಆಲ್ವೇಸ್ ಗೆಟ್ ವಾಟ್ ಯೂ ವಾಂಟ್' ಎಂಬ ಪ್ರಸಿದ್ಧ ಗೀತೆಯಿದೆ. ಧ್ವನಿಮುದ್ರಣದ ವೇಳೆ ನಿರ್ಮಾಪಕ ಮಿಲ್ಲರ್ ಅವರ ಮನಸ್ಸಿನಲ್ಲಿದ್ದ ನಡೆ ಚಾರ್ಲಿಯವರ ಕೈಗೆ ಹತ್ತಲಿಲ್ಲ. ಹೀಗೆ ಬೇಕು ಎಂದು ತೋರಿಸಲು ಕುಳಿತ ಮಿಲ್ಲರ್ ಅವರೇ ಆ ಹಾಡಿಗೆ ಡ್ರಮ್ ನುಡಿಸಿದರು. ತನ್ನ ಆಸನದಲ್ಲಿ ಇನ್ನೊಬ್ಬ ಕುಳಿತು ಯಶಸ್ಸು ಪಡೆದುದನ್ನು ಸಹಿಸುವುದು ಯಾವ ಕಲಾವಿದನಿಗೂ ಸುಲಭವಲ್ಲ. ಚಾರ್ಲಿ ಆ ನಡೆಯನ್ನು ಕಲಿತರು; ಮುಂದಿನ ದಶಕಗಳುದ್ದಕ್ಕೂ ವೇದಿಕೆಗಳಲ್ಲಿ ಅದನ್ನು ನುಡಿಸಿದರು. ಅದು ಮೂಲದಲ್ಲಿ ಮಿಲ್ಲರ್ ಅವರದು ಎಂಬುದನ್ನು ಅವರು ಮರೆಮಾಚಲಿಲ್ಲ.

ಅವರ ಸ್ವಭಾವದ ಸಣ್ಣಪುಟ್ಟ ವಿವರಗಳನ್ನು ಅಭಿಮಾನಿಗಳು ಆಸ್ತಿಯಂತೆ ಕೂಡಿಟ್ಟುಕೊಂಡಿದ್ದಾರೆ. ನೀಟಾಗಿ ಹೊಲಿಸಿದ ಸೂಟು ಅವರಿಗೆ ಪ್ರಿಯ. ಕಾರು ಓಡಿಸಲು ಬಾರದಿದ್ದರೂ ಹಳೆಯ ಕಾರುಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಸುಮ್ಮನೆ ಕುಳಿತು ಆನಂದಿಸುತ್ತಿದ್ದರು. 1967ರಿಂದೀಚೆಗೆ ಪ್ರವಾಸದಲ್ಲಿ ತಾವು ಮಲಗಿದ ಪ್ರತಿಯೊಂದು ಹೋಟೆಲಿನ ಹಾಸಿಗೆಯ ರೇಖಾಚಿತ್ರವನ್ನು ಬರೆದಿಟ್ಟರು. ಹೊರಗೆ ಅಭಿಮಾನಿಗಳ ಕೂಗಾಟ, ಪಕ್ಕದ ಕೋಣೆಗಳಲ್ಲಿ ಮೋಜು. ಈ ಮನುಷ್ಯ ಪೆನ್ಸಿಲ್ ಹಿಡಿದು ಖಾಲಿ ಹಾಸಿಗೆಯನ್ನು ಚಿತ್ರಿಸುತ್ತ ಕುಳಿತಿರುವ ದೃಶ್ಯವನ್ನು ಕಲ್ಪಿಸಿಕೊಂಡರೆ ನಮಗೆ ನಗು ಬರುತ್ತದೆ, ಜೊತೆಗೆ ಮನೆಯ ಹಂಬಲ ಎಷ್ಟಿತ್ತೋ ಎಂದೂ ಅನಿಸುತ್ತದೆ. ತಂಡಕ್ಕೆ 25 ವರ್ಷ ತುಂಬಿದಾಗ ಅನುಭವವೇನೆಂದು ಕೇಳಿದವರಿಗೆ, ಐದು ವರ್ಷ ಕೆಲಸ, ಇಪ್ಪತ್ತು ವರ್ಷ ಸುಮ್ಮನೆ ಕಾದದ್ದು ಎಂಬರ್ಥದ ಉತ್ತರ ಕೊಟ್ಟಿದ್ದರು. ಪ್ರಪಂಚದ ಅತ್ಯಂತ ಗದ್ದಲದ ಉದ್ಯೋಗವನ್ನೂ ಒಬ್ಬ ಗುಮಾಸ್ತನ ಸಮಾಧಾನದಿಂದ ಕಂಡವರು ಅವರು.

1964ರ ಅಕ್ಟೋಬರ್ 14ರಂದು, ತಂಡ ಇನ್ನೂ ಹೆಸರು ಮಾಡುತ್ತಿದ್ದ ದಿನಗಳಲ್ಲಿ, ಶಿಲ್ಪಕಲೆಯ ವಿದ್ಯಾರ್ಥಿನಿಯಾಗಿದ್ದ ಶರ್ಲಿ ಅವರನ್ನು ಸದ್ದಿಲ್ಲದೆ ವಿವಾಹವಾದರು. 1968ರಲ್ಲಿ ಮಗಳು ಹುಟ್ಟಿದಳು. ಡೆವನ್ ಪ್ರಾಂತದ ಹಳ್ಳಿಯ ಮನೆಯಲ್ಲಿ ದಂಪತಿಗಳು ಅರಬ್ಬೀ ಕುದುರೆಗಳನ್ನು ಸಾಕಿದರು. ಚಾರ್ಲಿ ತೀರಿಕೊಂಡಾಗ ಅವರ ದಾಂಪತ್ಯಕ್ಕೆ 57 ವರ್ಷ ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ. ಮರುವರ್ಷದ ಡಿಸೆಂಬರಿನಲ್ಲಿ ಶರ್ಲಿಯವರೂ ನಿಧನರಾದರು.

ಯಾರೂ ಗಮನಿಸದ ಕುಸಿತ

ಇಲ್ಲಿಗೇ ನಿಲ್ಲಿಸಿದರೆ ಸುಂದರವಾದ ಚಿತ್ರವೊಂದು ದೊರೆಯುತ್ತದೆ. ಆದರೆ ಅದು ಅರ್ಧಸತ್ಯ. 1980ರ ದಶಕದ ನಡುವಿನ ಕೆಲವು ವರ್ಷ ಚಾರ್ಲಿ ವಾಟ್ಸ್ ಮದ್ಯಕ್ಕೂ ಹೆರಾಯಿನ್‌ಗೂ ದಾಸರಾಗಿದ್ದರು.

ಆ ಕಾಲದ ಒಂದು ಪ್ರಸಂಗವನ್ನು ಅಭಿಮಾನಿಗಳು ಚಪ್ಪರಿಸಿಕೊಂಡು ಹೇಳುವುದುಂಟು. ರಿಚರ್ಡ್ಸ್ ಅವರು 2010ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅದು ಬಂದಿದೆ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹೋಟೆಲಿನಲ್ಲಿ ಜಾಗರ್ ಅವರು ನಡುರಾತ್ರಿ ದೂರವಾಣಿ ಮಾಡಿ 'ನನ್ನ ಡ್ರಮ್ ವಾದಕ ಎಲ್ಲಿ?' ಎಂದು ಕೇಳಿದರಂತೆ. ಚಾರ್ಲಿ ಎದ್ದು, ಕ್ಷೌರ ಮಾಡಿಕೊಂಡು, ಸೂಟು ಧರಿಸಿ, ಕೆಳಗಿಳಿದು ಬಂದು ಜಾಗರ್ ಅವರಿಗೆ ಗುದ್ದಿ, ಇನ್ನೆಂದೂ ತಮ್ಮನ್ನು ಹಾಗೆ ಕರೆಯಕೂಡದು ಎಂದರಂತೆ. ಸ್ವಾಭಿಮಾನದ ಕಥೆಯೆಂದು ನಾವೂ ತಾರುಣ್ಯದ ಉತ್ಸಾಹದಲ್ಲಿ ನಕ್ಕವರೇ. ವಯಸ್ಸಾದ ಮೇಲೆ ಆ ನಗು ಬರುವುದಿಲ್ಲ. ಅದು ಅವರು ಕುಡಿತದಲ್ಲಿ ಮುಳುಗಿದ್ದ ಕಾಲ. ಎಂದೂ ಕೈಯೆತ್ತದ ಸೌಮ್ಯ ಮನುಷ್ಯ ಕೈಯೆತ್ತಿದಾಗ ಜೊತೆಗಿದ್ದವರಿಗೆ ಅದು ತಮಾಷೆಯಾಗಿ ಕಂಡಿತು.

ಗಮನಿಸಬೇಕಾದ ಸಂಗತಿ ಅವರ ಪ್ರಾಯ. ಸುತ್ತಲಿನವರೆಲ್ಲ ಇಪ್ಪತ್ತರ ಹರೆಯದಲ್ಲಿ ದಾರಿ ತಪ್ಪಿದಾಗ ಚಾರ್ಲಿ ತಪ್ಪಲಿಲ್ಲ. ಅವರು ಜಾರಿದ್ದು ನಲವತ್ತು ದಾಟಿದ ಮೇಲೆ. ಹೆಂಡತಿ, ಮಗಳು, ಹಣ, ಕೀರ್ತಿ ಎಲ್ಲವೂ ಇದ್ದಾಗ. ನಮ್ಮ ಕುಟುಂಬಗಳಲ್ಲಿ ಕಾಲೇಜಿಗೆ ಹೋಗುವ ಮಗನ ಮೇಲೆ ಎಲ್ಲರ ಕಣ್ಣಿರುತ್ತದೆ. ಮನೆಯ ಭಾರ ಹೊತ್ತ, ಮಾತು ಕಡಿಮೆಯ, ಎಲ್ಲರೂ 'ಅವನಿಗೇನು, ಗಟ್ಟಿಗ' ಎನ್ನುವ ನಡುವಯಸ್ಸಿನವನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಆತ ರಾತ್ರಿ ಒಬ್ಬನೇ ಕುಳಿತು ಕುಡಿಯತೊಡಗಿದರೆ ಅದು ಮನೆಯವರ ಅರಿವಿಗೆ ಬರುವ ಹೊತ್ತಿಗೆ ಬಹಳ ದೂರ ಸಾಗಿರುತ್ತದೆ. ತಾಳ ತಪ್ಪದವನ ಕಡೆ ಯಾರೂ ತಿರುಗಿ ನೋಡುವುದಿಲ್ಲವಲ್ಲ!

ಅವರು ಎದ್ದುನಿಂತ ಬಗೆಯೂ ಅವರ ಸ್ವಭಾವಕ್ಕೆ ತಕ್ಕುದಾಗಿತ್ತು. ನೆಲಮಾಳಿಗೆಯಿಂದ ದ್ರಾಕ್ಷಾರಸದ ಸೀಸೆ ತರಲು ಹೋಗಿ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲಿನ ಹರಡು ಮುರಿಯಿತು. ಲಂಡನ್ನಿನ ರಾನಿ ಸ್ಕಾಟ್ಸ್ ಎಂಬ ಪ್ರಸಿದ್ಧ ಜಾಜ್ ತಾಣದಲ್ಲಿ ನುಡಿಸಲು ಒಪ್ಪಿಕೊಂಡಿದ್ದ ಕಾಲವದು. ಬಾಲ್ಯದಿಂದ ಕಂಡ ಕನಸೇ ಕೈತಪ್ಪುವ ಸ್ಥಿತಿ ಬಂದಾಗ ಎಚ್ಚರವಾಯಿತೆಂದು ಅವರೇ ಮುಂದೆ ಸಂದರ್ಶನಗಳಲ್ಲಿ ತಿಳಿಸಿದ್ದಾರೆ. ಹೆಂಡತಿಯನ್ನೂ ಬದುಕನ್ನೂ ಕಳೆದುಕೊಳ್ಳುವ ಅಂಚಿಗೆ ಹೋಗಿದ್ದೆನೆಂಬುದನ್ನೂ ಮುಚ್ಚಿಡಲಿಲ್ಲ. ಅವರು ಎರಡನ್ನೂ ತ್ಯಜಿಸಿದರು. ಅದರ ಬಗ್ಗೆ ಉಪದೇಶ ಮಾಡುತ್ತ ಊರೂರು ತಿರುಗಲಿಲ್ಲ. ಅದೇ ದಶಕದಲ್ಲಿ ಮೂವತ್ತಕ್ಕೂ ಮಿಕ್ಕಿದ ವಾದಕರ ದೊಡ್ಡ ಜಾಜ್ ತಂಡವನ್ನು ಕಟ್ಟಿ, ಬ್ಯಾಂಜೋ ಕಳಚಿದ ಹುಡುಗನ ಆಸೆಯನ್ನು ಪೂರೈಸಿಕೊಂಡರು.

ಅರಮನೆ ಮೈದಾನದ ರಾತ್ರಿ

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದರು. ತಂಡದ ನಲವತ್ತು ವರ್ಷಗಳ ಸಂಭ್ರಮದ ಪ್ರವಾಸ ಅದು. ಅರಮನೆ ಮೈದಾನದಲ್ಲಿ ಕಚೇರಿ. ಮೂರು ದಿನಗಳ ಬಳಿಕ ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಇನ್ನೊಂದು. ಸಾರ್ಸ್ ಜ್ವರದ ಭೀತಿಯಿಂದ ಚೀನಾ, ಹಾಂಗ್‌ಕಾಂಗ್‌ಗಳ ಕಚೇರಿಗಳು ನಿಂತುಹೋದ ವರ್ಷವದು. ನಮ್ಮ ನಾಡಿಗೆ ಆ ಭಾಗ್ಯ ತಪ್ಪಲಿಲ್ಲ. ಸ್ನೇಹಿತರ ಕೃಪೆಯಿಂದ ದೊರೆತ ಟಿಕೆಟ್ ಹಿಡಿದು ನಾವೂ ಆ ಜನಸಂದಣಿಯ ಹಿಂಭಾಗದಲ್ಲಿ ನಿಂತಿದ್ದೆವು. ಕ್ಯಾಸೆಟ್ಟಿನ ಕಾಲದ ಗೆಳೆಯರಲ್ಲಿ ಕೆಲವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು.

ಅರುವತ್ತರ ಹೊಸ್ತಿಲಲ್ಲಿದ್ದ ಜಾಗರ್ ವೇದಿಕೆಯುದ್ದಕ್ಕೂ ಓಡಾಡುತ್ತಿದ್ದರು. ಎಲ್ಲರ ದೃಷ್ಟಿ ಅವರೊಡನೆ ಓಡುತ್ತಿತ್ತು. ನಮ್ಮ ಕಣ್ಣು ಮಾತ್ರ ಹಿಂದೆ ಕುಳಿತಿದ್ದ, 61 ವರ್ಷದ, ನರೆತ ಕೂದಲಿನ ಮನುಷ್ಯನನ್ನು ಹುಡುಕಿತು. ಬೆನ್ನು ನೆಟ್ಟಗೆ, ಮುಖ ನಿರ್ಭಾವ, ಬಲಗೈ ಮಾತ್ರ ಮೇಲೇಳುವುದು, ಇಳಿಯುವುದು. ಹದಿನೈದು ವರ್ಷ ಕಿವಿಯಿಂದ ಮಾತ್ರ ಬಲ್ಲ ಆ ಕೈಯನ್ನು ಕಣ್ಣಾರೆ ಕಂಡಾಗ ಆದ ಆನಂದವನ್ನು ಮಾತಿನಲ್ಲಿ ಹೇಳುವುದು ಕಷ್ಟ. ವಾದಕರ ಪರಿಚಯದ ಹೊತ್ತು ಬಂದಾಗ ಎದ್ದ ಕರತಾಡನವನ್ನು ಕಂಡು ಬೆರಗಾದೆವು. ಚಾರ್ಲಿಯವರನ್ನು ಗಮನಿಸುತ್ತಿದ್ದವರು ನಾವೊಬ್ಬರೇ ಎಂದುಕೊಂಡಿದ್ದೆವಲ್ಲ. ಇಡೀ ಮೈದಾನದಲ್ಲಿ ನಮ್ಮಂಥವರೇ ತುಂಬಿದ್ದರು!

ಕೊನೆಯ ವರ್ಷಗಳು

ಮರುವರ್ಷ, 2004ರಲ್ಲಿ, ಅವರಿಗೆ ಗಂಟಲಿನ ಅರ್ಬುದ ರೋಗ ಕಾಣಿಸಿಕೊಂಡಿತು. ವಿಕಿರಣ ಚಿಕಿತ್ಸೆ ಫಲಿಸಿತು. 2005ರ ಹೊಸ ಧ್ವನಿಸಂಪುಟಕ್ಕೂ ಪ್ರವಾಸಕ್ಕೂ ಹಿಂದಿರುಗಿದರು. 2019ರ ಆಗಸ್ಟ್ 30ರಂದು ಅಮೆರಿಕದ ಮಯಾಮಿಯಲ್ಲಿ ತಂಡದೊಡನೆ ಅವರು ನಡೆಸಿದ ಕೊನೆಯ ಕಚೇರಿ ನಡೆಯಿತು. ಆಗ ಅವರಿಗೆ 78 ವರ್ಷ.

2020ರ ಏಪ್ರಿಲ್ 18ರಂದು, ಕೋವಿಡ್ ಮಹಾಮಾರಿಯಿಂದ ಲೋಕವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಆರೋಗ್ಯ ಸೇವಕರ ಗೌರವಾರ್ಥವಾಗಿ ಕಲಾವಿದರು ತಂತಮ್ಮ ಮನೆಗಳಿಂದಲೇ ಹಾಡಿದ ಕಾರ್ಯಕ್ರಮವೊಂದು ಪ್ರಸಾರವಾಯಿತು. ರೋಲಿಂಗ್ ಸ್ಟೋನ್ಸ್‌ನ ನಾಲ್ವರು ನಾಲ್ಕು ಮನೆಗಳಲ್ಲಿ ಕುಳಿತು ನುಡಿಸಿದರು. ಚಾರ್ಲಿಯವರ ಮುಂದೆ ಡ್ರಮ್ ಇರಲಿಲ್ಲ. ಕಿವಿಗೆ ಹೆಡ್‌ಫೋನ್ ಧರಿಸಿ, ಸಾಮಾನಿನ ಪೆಟ್ಟಿಗೆಗಳ ಮೇಲೂ ಸೋಫಾದ ಕೈಯ ಮೇಲೂ ಕೋಲು ಆಡಿಸುತ್ತ, ತುಟಿಯಂಚಿನಲ್ಲಿ ನಗುತ್ತ ಕುಳಿತಿದ್ದರು. ಲೋಕ ಅವರ ವಾದನವನ್ನು ಕಂಡ ಕೊನೆಯ ಸಂದರ್ಭಗಳಲ್ಲಿ ಅದೂ ಒಂದು. ಅಂದಿನ ಹಾಡು ಯಾವುದು ಗೊತ್ತೇ? ಐವತ್ತು ವರ್ಷಗಳ ಹಿಂದೆ ತಮ್ಮ ಆಸನವನ್ನು ಮಿಲ್ಲರ್ ಅವರಿಗೆ ಬಿಟ್ಟುಕೊಟ್ಟಿದ್ದ ಆ ಹಾಡೇ.

2021ರ ಆಗಸ್ಟ್ ಮೊದಲಲ್ಲಿ, ಚಿಕಿತ್ಸೆಯ ಕಾರಣ ಅಮೆರಿಕ ಪ್ರವಾಸಕ್ಕೆ ಚಾರ್ಲಿ ಬರಲಾರರು, ಅವರ ಬದಲು ಸ್ಟೀವ್ ಜಾರ್ಡನ್ ನುಡಿಸುತ್ತಾರೆ ಎಂಬ ಪ್ರಕಟಣೆ ಬಂತು. ಆ ತಿಂಗಳು ಮುಗಿಯುವುದರೊಳಗೆ ಸಾವಿನ ಸುದ್ದಿ. ಸೆಪ್ಟೆಂಬರ್ 26ರಂದು ಸೇಂಟ್ ಲೂಯಿಸ್ ನಗರದಲ್ಲಿ ಪ್ರವಾಸ ಆರಂಭವಾದಾಗ ಮೊದಲು ಯಾರೂ ವೇದಿಕೆಗೆ ಬರಲಿಲ್ಲ. ಬರಿದಾದ ವೇದಿಕೆ, ಡ್ರಮ್ಮಿನ ನಾದ, ಪರದೆಯ ಮೇಲೆ ಒಂದಾದ ಮೇಲೊಂದರಂತೆ ಚಾರ್ಲಿಯವರ ಭಾವಚಿತ್ರಗಳು. ಹಿಂದೆ ಕುಳಿತವರು ಅಂದು ಮುಂದೆ ಬಂದರು. 2023ರ ಅಕ್ಟೋಬರಿನಲ್ಲಿ ತಂಡ ಹೊರತಂದ 'ಹ್ಯಾಕ್ನಿ ಡೈಮಂಡ್ಸ್' ಸಂಪುಟದ ಎರಡು ಹಾಡುಗಳಲ್ಲಿ, 2019ರಲ್ಲಿ ಮುದ್ರಿಸಿಕೊಂಡಿದ್ದ ಅವರದೇ ವಾದನವಿದೆ. ತೀರಿಹೋದವರ ಕೈ ಇನ್ನೂ ಲೆಕ್ಕ ತಪ್ಪದೆ ನುಡಿಯುವುದನ್ನು ಕೇಳುವಾಗ, ಅಗಲಿದವರ ಹಳೆಯ ಕಾಗದ ಕೈಗೆ ಸಿಕ್ಕಂತಹ ಭಾವ ನಮ್ಮನ್ನು ಆವರಿಸುತ್ತದೆ.

ಹೆತ್ತವರಿಗೆ ಒಂದು ಮಾತು

ನಮ್ಮ ಎಷ್ಟೋ ಮನೆಗಳಲ್ಲಿ ಊಟದ ಮೇಜನ್ನು ಚಮಚದಿಂದ ಬಡಿಯುವ ಮಕ್ಕಳಿದ್ದಾರೆ. 'ಸದ್ದು ಮಾಡಬೇಡ' ಎಂದು ನಾವು ಗದರಿಸುತ್ತೇವೆ. ನೆರೆಹೊರೆಯವರ ನೆಮ್ಮದಿಗೆ ಅದೂ ಬೇಕು. ಆದರೆ ಗದರಿಸುವ ಮುನ್ನ ಒಂದು ನಿಮಿಷ ಕಿವಿಗೊಟ್ಟು ನೋಡಿ. ಬಡಿತದಲ್ಲಿ ಎಣಿಕೆ ಇದೆಯೇ? ಎಡೆ ಇದೆಯೇ? ಲಾರಿ ಚಾಲಕರೊಬ್ಬರು ಮತ್ತು ಅವರ ಮಡದಿ, ಕಾಸು ಕೊಟ್ಟು ತಂದ ಬ್ಯಾಂಜೋವನ್ನು ಮಗ ಕಳಚಿ ಹಾಕಿದಾಗ ಅದನ್ನು ಹಾಳುಗೆಡವಿದನೆಂದು ಹಲುಬಿ ಸುಮ್ಮನಾಗಬಹುದಿತ್ತು. ಅವರು ಡ್ರಮ್ ಕೊಡಿಸಿದರು. ಮಗು ಕಳಚಿದ ವಸ್ತುವಿನಲ್ಲಿ ಕೆಲವೊಮ್ಮೆ ಮಗುವಿನ ದಾರಿ ಕಾಣಿಸುತ್ತದೆ.

ಕಲಿಯಲು ಹೊರಟ ಮಗುವಿಗೆ ಚಾರ್ಲಿಯವರ ಒಂದು ಹಾಡನ್ನು ಕೇಳಿಸಿ. ಜೋರಾಗಿ ಬಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೈ ಎತ್ತಿ ಇನ್ನೊಂದು ನಾದಕ್ಕೆ ಎಡೆಮಾಡಿಕೊಡುವುದನ್ನು ಕಲಿಯಲು ಬಹುಕಾಲ ಬೇಕು. ಹಾಡುವವರನ್ನು ಮುಳುಗಿಸದೆ ಹೊತ್ತುಕೊಂಡು ಹೋಗುವ ಡ್ರಮ್ ವಾದಕ ಯಾವ ಗಾಯನವೃಂದಕ್ಕೂ ವರದಾನ. ಅಂತಹವನು ನಿಮ್ಮ ಊರಿನಲ್ಲಿದ್ದರೆ ಮುಂದಿನ ಸಲ ಹಾಡಿದವರನ್ನು ಅಭಿನಂದಿಸಿದ ಮೇಲೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಅವನ ಕೈಯನ್ನೂ ಕುಲುಕಿ. ಹೇಗಿದ್ದೀಯಪ್ಪಾ ಎಂದು ಒಂದು ಮಾತು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಲ್ಲಿ.